ಜಾಂಬಿಯಾದಲ್ಲಿ ನನ್ನ ಸೊಂಟ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಾನು ಆಫ್ರಿಕಾಕ್ಕೆ ಹೋದದ್ದು ದೇವರ ಸೇವೆಗಲ್ಲ, ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು. ಇದನ್ನು ಚರ್ಚಿನ ಅರ್ಜಿಯಲ್ಲಿ ಬರೆಯುವ ಹಾಗಿರಲಿಲ್ಲ. "ಈ ಸೇವೆಗೆ ನಿಮಗೆ ಕರೆ ಹೇಗೆ ಬಂತು?" ಎಂಬ ಪ್ರಶ್ನೆಯ ಕೆಳಗೆ ಹತ್ತು ಗೆರೆ ಜಾಗ ಬಿಟ್ಟಿದ್ದರು. ಪ್ರಾರ್ಥನೆ, ಅಂತರಂಗ, ಬೆಳಕು ಎಂದೆಲ್ಲ ತುಂಬಿಸಿದೆ. ನಿಜವಾದ ಕರೆ ಬಂದದ್ದು ಡಿಶ್‌ವಾಶರ್ ಮುಂದೆ ಬಗ್ಗಿ ನಿಂತಿದ್ದಾಗ.

ನಮ್ಮದು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮನೆ. ಗಂಡನಿಗೆ ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಲ್ಲಿ ಕೆಲಸ. ವಾರವೆಲ್ಲ ಅಲ್ಲೇ ರೂಮು ಮಾಡಿಕೊಂಡಿದ್ದು, ಶುಕ್ರವಾರ ಸಂಜೆ ಮೂರು ತಾಸು ಟ್ರಾಫಿಕ್ಕಿನಲ್ಲಿ ಬೆಂದು ಬಂದು, ಬೂಟು ಬಿಚ್ಚುವ ಮೊದಲೇ "ರೊಟ್ಟಿ ಅದಾವೇನ?" ಎನ್ನುತ್ತಾರೆ. ನಾನು ಹಲ್ಲಿನ ಡಾಕ್ಟರೊಬ್ಬರ ಆಫೀಸಿನಲ್ಲಿ ಇನ್ಶೂರೆನ್ಸ್ ಕಾಗದ ನೋಡುವವಳು. ನಾವು ಬೆಟಗೇರಿಯ ಕ್ರೈಸ್ತರು ಎಂದರೆ ಇಲ್ಲಿ ಎಲ್ಲರಿಗೂ ಗೊಂದಲ. ಕನ್ನಡದ ಗೆಳತಿಯರು ಕ್ಯಾಲಬಾಸಸ್ ದೇವಸ್ಥಾನಕ್ಕೆ ಕಾರಿನಲ್ಲಿ ಜಾಗವಿದೆ ಎಂದು ಫೋನ್ ಮಾಡಿ, ಆಮೇಲೆ ನೆನಪಾಗಿ "ಅಯ್ಯೋ ಸಾರಿ, ನೀವು ಬರಲ್ಲ ಅಲ್ವಾ" ಎನ್ನುತ್ತಾರೆ. ಚರ್ಚಿನವರು "ನೀವು ಯಾವಾಗ ಕನ್ವರ್ಟ್ ಆದ್ರಿ?" ಎಂದು ಕೇಳುತ್ತಾರೆ. ಮುತ್ತಜ್ಜನನ್ನೇ ಕೇಳಬೇಕು.

ಮಗಳು ಆಶಾಳಿಗೆ ಹದಿನಾರು. ಜಾಂಬಿಯಾದ ಹಳ್ಳಿ ಶಾಲೆಗೆ ಬಣ್ಣ ಬಳಿಯಲು ಎರಡು ವಾರ ಹೋಗುವ ಚರ್ಚಿನ ತಂಡಕ್ಕೆ ಅವಳು ಹೆಸರು ಕೊಟ್ಟಳು. ಹದಿನೆಂಟಾಗದವರ ಜೊತೆ ತಂದೆಯೋ ತಾಯಿಯೋ ಇರಬೇಕಿತ್ತು. ತಂದೆಗೆ ರಜೆ ಇಲ್ಲ. ನಾನು ಬರುತ್ತೇನೆ ಎಂದದ್ದಕ್ಕೆ ಅವಳು ಮುಖ ಸಣ್ಣದು ಮಾಡಿಕೊಂಡು, "ಓಕೆ. ಬಟ್ ಪ್ಲೀಸ್, ಡೋಂಟ್ ಎಂಬ್ಯಾರಸ್ ಮಿ" ಎಂದಳು. ಆ ವರ್ಷ ನಮ್ಮಿಬ್ಬರ ನಡುವೆ ಇದೇ ದೊಡ್ಡ ಸಂಭಾಷಣೆ.

"ಎರಡ್ ವಾರ ನಾ ಏನ್ ತಿನ್ಲಿ?" ಎಂದರು ಗಂಡ.

"ನನಗೂ ಗೊತ್ತಿಲ್ರಿ" ಎಂದೆ. ಹಾಗೆನ್ನುವಾಗ ಆದ ಸಂತೋಷವನ್ನು ಅರ್ಜಿಯಲ್ಲಿ ಬರೆಯಬಹುದಿತ್ತು.

ಮೂರು ವಿಮಾನ, ಒಂದು ಬಸ್ಸು ಬದಲಿಸಿ ಹಳ್ಳಿ ಮುಟ್ಟಿದಾಗ ನಾನು ಆಗಲೇ ಅರ್ಧ ಸತ್ತಿದ್ದೆ. ಮರುದಿನ ಬೆಳಿಗ್ಗೆ ನಮ್ಮ ತಂಡದ ನಾಯಕ ಕೈಲ್, ಇಪ್ಪತ್ತಾರರ ಉತ್ಸಾಹಿ ಪಾದ್ರಿ, ಎಲ್ಲರಿಗೂ ಬ್ರಷ್ ಹಂಚಿದ. ನನ್ನ ಮುಂದೆ ಬಂದು ಒಂದು ಕ್ಷಣ ಯೋಚಿಸಿ, "ನೀವು ಅಡುಗೆಮನೆಯಲ್ಲಿ ಸಹಾಯ ಮಾಡ್ತೀರಾ? ಇಲ್ಲಿನ ಹೆಂಗಸರ ಜೊತೆ ನಿಮಗೆ ಬೇಗ ಹೊಂದಿಕೆಯಾಗುತ್ತೆ" ಎಂದ. ಯಾಕೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂತೂ ಅರ್ಧ ಭೂಮಿ ಸುತ್ತಿ ಬಂದು ಮತ್ತೆ ಒಲೆಯ ಮುಂದೆ ನಿಂತೆ.

ಅಡುಗೆಯ ಯಜಮಾನಿ ಮುಟಿಂಟಾ, ಐವತ್ತು ದಾಟಿದ ಗಟ್ಟಿಗಿತ್ತಿ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅವಳದು, ನನ್ನದಕ್ಕಿಂತ ಚೊಕ್ಕ. ಮಾಡಬೇಕಿದ್ದದ್ದು ನ್ಶಿಮಾ, ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ನಾನು ಅದನ್ನು ಕೈಯಲ್ಲಿ ಮುರಿದು ಪಲ್ಯ ಹಚ್ಚಿ ತಿಂದದ್ದನ್ನು ನೋಡಿ ಹೆಂಗಸರಿಗೆಲ್ಲ ಖುಷಿಯಾಯಿತು. ಕಿಟಕಿಯಾಚೆ ನಮ್ಮವರು ಹಸಿರು ಬಣ್ಣ ಬಳಿಯುತ್ತಿದ್ದರು.

"ಶಾಲೆ ಚೆನ್ನಾಗಿ ಕಾಣ್ತಿದೆ" ಎಂದೆ ಮಾತಿಗೆ.

"ಹೋದ ವರ್ಷ ಬಂದವರು ನೀಲಿ ಬಳಿದರು. ಅದರ ಹಿಂದಿನವರು ಹಳದಿ" ಎಂದಳು ಮುಟಿಂಟಾ. "ವರ್ಷ ವರ್ಷ ಗೋಡೆ ದಪ್ಪ ಆಗ್ತಿದೆ, ಕ್ಲಾಸ್ ರೂಮ್ ಚಿಕ್ಕದಾಗ್ತಿದೆ."

ಮೂರನೆಯ ದಿನ, ಐವತ್ತು ಜನರ ಮುದ್ದೆಯನ್ನು ದೋಣಿಯ ಹುಟ್ಟಿನಂಥ ಸೌಟಿನಿಂದ ತಿರುವುತ್ತಿದ್ದಾಗ ಸೊಂಟದಲ್ಲಿ ಏನೋ ಕಳಕ್ ಎಂದಿತು. ಬಗ್ಗಿದವಳು ಬಗ್ಗಿದಂತೆಯೇ ಉಳಿದೆ. ಮುಟಿಂಟಾ ಸೌಟು ಕಿತ್ತುಕೊಂಡು, ಇಬ್ಬರು ಹೆಂಗಸರನ್ನು ಕರೆದು ನನ್ನನ್ನು ಚಾಪೆಯ ಮೇಲೆ ಉರುಳಿಸಿದಳು. ನನ್ನ ಪ್ಯಾಂಟು ಬಿಗಿಯಾಯಿತೆಂದು ತನ್ನದೊಂದು ಹೂವಿನ ಬಟ್ಟೆಯನ್ನೇ ಸುತ್ತಿದಳು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಟ್ಟಳು. ಕೈಲ್ ಬಂದು ನನ್ನ ಸೊಂಟಕ್ಕಾಗಿ ಪ್ರಾರ್ಥಿಸಿದ. ಅದು ಮುಗಿಯುವತನಕ ಮುಟಿಂಟಾ ಕಾದಿದ್ದು ಮತ್ತೆ ಬಿಸಿಬಟ್ಟೆ ಒತ್ತಿದಳು.

"ಮನೆಯಲ್ಲಿ ನಿನಗೆ ಸುಸ್ತಾದಾಗ ಯಾರು ಅಡುಗೆ ಮಾಡಿ ಹಾಕ್ತಾರೆ?" ಎಂದು ಕೇಳಿದಳು.

ನಾನು ಯೋಚಿಸಿದೆ. ಅಷ್ಟರಲ್ಲಿ ಕಣ್ಣಿನಲ್ಲಿ ನೀರು ಬಂತು. ಸೊಂಟ ನೋವು ಎಂದೆ.

ಸುದ್ದಿ ಕೇಳಿ ಓಡಿಬಂದ ಆಶಾ ಬಾಗಿಲಲ್ಲೇ ನಿಂತಿದ್ದಳು. ಮುಟಿಂಟಾ ಅವಳ ಕೈಯ ಬ್ರಷ್ ತೆಗೆದು ಕಿಟಕಿಯ ಮೇಲಿಟ್ಟು ಸೌಟು ಕೊಟ್ಟಳು. "ಗೋಡೆ ಎಲ್ಲೂ ಓಡಿಹೋಗಲ್ಲ. ಇದನ್ನು ತಿರುಗಿಸು." ಆಶಾ ತಿರುಗಿಸಿದಳು. ಐದು ನಿಮಿಷಕ್ಕೆ ಮುಖ ಕೆಂಪಾಗಿ, ಬೆವರು ಒರೆಸಿಕೊಂಡು ನನ್ನ ಕಡೆ ನೋಡಿ, ಯಾವ ಕಾಲದಲ್ಲೋ ಕಲಿತಿದ್ದ ಕನ್ನಡದಲ್ಲಿ, "ಅಮ್ಮಾ, ಇದು ಭಾಳ ಕಷ್ಟ ಐತಿ" ಎಂದಳು. ಮಧ್ಯಾಹ್ನ ಅವಳೇ ತಟ್ಟೆ ತಂದು ನನ್ನ ಮುಂದಿಟ್ಟು, ನಾನು ತಿನ್ನುವವರೆಗೂ ಪಕ್ಕದಲ್ಲೇ ಕೂತಳು. ಮುದ್ದೆಯಲ್ಲಿ ಗಂಟುಗಳಿದ್ದವು. ಎಲ್ಲವನ್ನೂ ತಿಂದೆ.

ಉಳಿದ ದಿನಗಳೆಲ್ಲ ನಾನು ಅದೇ ಚಾಪೆಯ ಮೇಲೆ. ಆ ಹೆಂಗಸರ ಮಧ್ಯೆ ಕೂತು ಶೇಂಗಾ ಬಿಡಿಸಿದೆ, ಹರಟಿದೆ, ನಿದ್ದೆ ಮಾಡಿದೆ, ಅವರು ಬಡಿಸಿದ್ದನ್ನು ಉಂಡೆ. ಅಮೆರಿಕಕ್ಕೆ ಬಂದ ಹನ್ನೆರಡು ವರ್ಷಗಳಲ್ಲಿ ಅಂಥ ವಿಶ್ರಾಂತಿ ಸಿಕ್ಕಿರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಕೈಲ್ ಚರ್ಚಿನಲ್ಲಿ ನಮ್ಮ ಪ್ರವಾಸದ ಚಿತ್ರಗಳನ್ನು ತೋರಿಸಿದ. ಏಣಿಯ ಮೇಲಿನ ಹುಡುಗರು, ಹಸಿರು ಗೋಡೆ, ಮಕ್ಕಳು. ಆಮೇಲೆ ಪರದೆಯ ತುಂಬ ಒಬ್ಬಳು ಹೆಂಗಸು: ಹೂವಿನ ಬಟ್ಟೆ ಸುತ್ತಿಕೊಂಡು ಚಾಪೆಯ ಮೇಲೆ ಕೂತು, ಮಡಿಲ ತುಂಬ ಶೇಂಗಾ, ಬಾಯ್ತುಂಬ ನಗು. ಕೆಳಗೆ ದಪ್ಪಕ್ಷರದಲ್ಲಿ "ನಾವು ಸೇವೆ ಮಾಡಿದ ಜನ" ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಅಮೆರಿಕನ್ ಅಜ್ಜಿ ಕಣ್ಣೊರೆಸಿಕೊಂಡು, "ಪಾಪ, ಎಷ್ಟು ಕಡಿಮೆ ಇದೆ ಅವಳ ಹತ್ತಿರ. ಆದರೂ ಎಷ್ಟು ಸಂತೋಷ ನೋಡಿ" ಎಂದು ನನಗೆ ಹೇಳಿದರು.

"ಅದು ನಮ್ಮಮ್ಮ" ಎನ್ನಲು ಆಶಾ ಸಿಟ್ಟಿನಿಂದ ಏಳಹೋದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಆ ಅಕ್ಷರಗಳನ್ನು ಎರಡು ಸಲ ಓದಿ ನೋಡಿದ್ದೆ. ಅದರಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ. ಸೇವೆ ಮಾಡಿದವರು ಯಾರು ಎಂಬುದೊಂದು ಬಿಟ್ಟರೆ.