ಹೋಗಿ ಬರುವ ಕಾರು

"ಇನ್ಮೇಲೆ ಈ ದುರ್ಗದಾಗೆ ಕಾರು ತಗಳ್ಳೋರು ಯಾರೂ ಮೋಸ ಹೋಗಂಗಿಲ್ಲ!" ಎಂದು ಓಬಳೇಶಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿ, ಸ್ಟೀಲಿನ ಟಿಫಿನ್ ಡಬ್ಬಿಯೊಂದನ್ನು ಹೊಸ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದರು. ಡಬ್ಬಿಯ ಮುಚ್ಚಳದಲ್ಲಿ ಎರಡು ಗಾಜಿನ ಕಣ್ಣು, ಕೆಳಗೆ ಟೀ ಸೋಸುವ ಜಾಲರಿಯಂಥ ಬಾಯಿ. ಹಿಂದಿನಿಂದ ಹೊರಟ ವೈರುಗಳು ಸ್ಟೇರಿಂಗು, ಬ್ರೇಕು, ಗೇರು ಎಲ್ಲವನ್ನೂ ಸುತ್ತಿಕೊಂಡಿದ್ದವು.

ಓಬಳೇಶಪ್ಪ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಆಮೇಲೆ ಅವರ ಯಂತ್ರಗಳಿಂದ ಚಿತ್ರದುರ್ಗದ ಆ ಬೀದಿಗೆ ಆದ ಉಪಕಾರ ಒಂದೆರಡಲ್ಲ. ತೆಂಗಿನಕಾಯಿ ಸುಲಿಯುವ ಯಂತ್ರ ಪಕ್ಕದ ಮನೆಯ ಕಿಟಕಿಯನ್ನು ಸುಲಿದಿತ್ತು. ಸೊಳ್ಳೆ ಓಡಿಸುವ ಯಂತ್ರ ಚಾಲೂ ಆದ ದಿನ ಬೀದಿಯ ನಾಯಿಗಳೆಲ್ಲ ಓಡಿಹೋದವು, ಸೊಳ್ಳೆಗಳು ಮಾತ್ರ ಅಲ್ಲಿಯೇ ನೆಮ್ಮದಿಯಾಗಿ ಉಳಿದವು. ಈಗಿನ ಯಂತ್ರದ ಹೆಸರು ಜಾಣಸಾರಥಿ. ಯಾವುದೇ ಕಾರಿಗೆ ಕಟ್ಟಿದರೂ ಅದು ತಾನೇ ಓಡಿಸಿ ನೋಡಿ, ದಿನನಿತ್ಯದ ಪೇಟೆ ರಸ್ತೆಗೂ ದಾರಿಯಿಲ್ಲದ ಕಲ್ಲುಗುಡ್ಡಕ್ಕೂ ಕಾರು ತಕ್ಕುದೋ ಇಲ್ಲವೋ ಎಂದು ಅಂಕ ಹಾಕುತ್ತದಂತೆ. ಬಾಯಲ್ಲಿ ಹೇಳಿದರೆ ಸಾಕು, ಕೇಳುತ್ತದೆ. ದಪ್ಪ ನಿಘಂಟೊಂದನ್ನು ಇಡಿಯಾಗಿ ಅದಕ್ಕೆ ಕುಡಿಸಿರುವುದರಿಂದ ಅದರಷ್ಟು ಕನ್ನಡ ಊರಿನಲ್ಲಿ ಯಾರಿಗೂ ಬರುವುದಿಲ್ಲವೆಂದು ಓಬಳೇಶಪ್ಪ ಹೇಳಿಕೊಂಡರು.

ಈ ಮಾತು ಕೇಳುತ್ತ ಡ್ರೈವರ್ ಸೀಟಿನಲ್ಲಿ ಬೆವರುತ್ತಿದ್ದವನು ರುದ್ರಮುನಿ. ಅವನು ವಿಮೆಯ ಏಜೆಂಟು. ಮನುಷ್ಯ ಎಷ್ಟು ಬಗೆಯಲ್ಲಿ ಸಾಯಬಹುದೆಂದು ವರ್ಷಗಟ್ಟಲೆ ಬೇರೆಯವರಿಗೆ ವಿವರಿಸಿ ವಿವರಿಸಿ ಕೊನೆಗೆ ತಾನೇ ಪುಕ್ಕಲನಾದವನು. ಸ್ಕೂಟರನ್ನೂ ರಸ್ತೆಯ ಅಂಚಿಗೆ ತಬ್ಬಿಕೊಂಡು ಓಡಿಸುತ್ತಿದ್ದ. ಹೆಂಡತಿ ಸರ್ವಮಂಗಳೆಗೆ ಮಾತ್ರ ಕಾರು ಬೇಕೇ ಬೇಕು, ಅದೂ ಎತ್ತರದ್ದು, ಗುಡ್ಡ ಹತ್ತುವಂಥದ್ದು, ಆದರೆ ಅವರ ಮನೆಯ ಗೇಟಿನೊಳಗೆ ಹಿಡಿಸುವಷ್ಟು ಚಿಕ್ಕದು. ನೋಡೋಣ, ನೋಡೋಣ ಎನ್ನುತ್ತಲೇ ಕಾಲ ತಳ್ಳಿದ ರುದ್ರಮುನಿ, ಷೋರೂಮಿನವರು ಒಂದು ದಿನದ ಮಟ್ಟಿಗೆ ಓಡಿಸಿ ನೋಡಲು ಕಾರು ಕೊಟ್ಟಾಗ ಉಪಾಯವೊಂದನ್ನು ಹೂಡಿದ್ದ. ಓಬಳೇಶಪ್ಪನವರ ಯಂತ್ರ ಹೇಗೂ ಏನಾದರೊಂದು ಎಡವಟ್ಟು ಮಾಡುತ್ತದೆ, ಕಾರಿಗೆ ಅಂಕ ಕಡಿಮೆ ಬೀಳುತ್ತದೆ, ಅಲ್ಲಿಗೆ ಕಾರಿನ ಮಾತು ಮುಗಿಯುತ್ತದೆ. ಪರೀಕ್ಷೆಯ ಕಾಲಕ್ಕೆ ತಾನೂ ಒಳಗೆ ಕೂತಿರಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ.

"ಮಧ್ಯದಾಗೆ ನಿಲ್ಲಿಸು ಅಂದ್ರೆ ನಿಲ್ಲಿಸುತ್ತೆ ತಾನೆ?" ಎಂದು ಅವನು ಕೇಳಿದ.

ನಿಲ್ಲಿಸುವುದಿಲ್ಲ ಎಂದು ಓಬಳೇಶಪ್ಪ ಹೆಮ್ಮೆಯಿಂದ ಹೇಳಿದರು. ಹೆದರಿದವರು ನಿಲ್ಲು ಅನ್ನುತ್ತಾರೆ, ಬೇಡ ಅನ್ನುತ್ತಾರೆ, ಅದನ್ನೆಲ್ಲ ಕೇಳುತ್ತ ಕೂತರೆ ಪರೀಕ್ಷೆ ಆಗುವುದುಂಟೆ? ಅದಕ್ಕೇ ಆ ಎರಡು ಮಾತಿಗೆ ಕಿವಿಗೊಡಬಾರದೆಂದು ಯಂತ್ರಕ್ಕೆ ಹೇಳಿಕೊಟ್ಟಿದ್ದಾರಂತೆ. ಯಾರೂ ಅರ್ಧಕ್ಕೆ ಹಾರಿ ಓಡದಂತೆ, ಪ್ರಯಾಣ ಮುಗಿಯುವವರೆಗೆ ಬಾಗಿಲೂ ತೆರೆಯದು. ರುದ್ರಮುನಿ ಬಾಗಿಲಿನ ಹಿಡಿಯನ್ನು ಎಳೆದು ನೋಡಿದ. ಅದು ಆಗಲೇ ಮುಚ್ಚಿಕೊಂಡಾಗಿತ್ತು.

ಪಕ್ಕದ ಸೀಟಿನಲ್ಲಿ ಕೂತಿದ್ದ ಸರ್ವಮಂಗಳೆ ಖುಷಿಯಲ್ಲಿ ಕಾರಿನ ಕಿಟಕಿಯಿಂದ ಕೈಬೀಸಿ, "ಹೋಗಿ ಬರ್ತೀವಿ," ಎಂದಳು. ಬೀದಿಯವರೂ ಸುಮ್ಮನಿರಲಿಲ್ಲ. ಗೇಟುಗಳಲ್ಲಿ, ಮಹಡಿಗಳ ಮೇಲೆ ನಿಂತವರೆಲ್ಲ ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಹರಸಿದರು. ಓಬಳೇಶಪ್ಪನವರ ಮುದಿ ತಾಯಿ ಜಗಲಿಯಿಂದ, "ಹೋಗಿ ಬರ್ರಪ್ಪಾ," ಎಂದು ಕೈಯೆತ್ತಿದರು.

ಡಬ್ಬಿಯ ಕಣ್ಣು ಮಿನುಗಿದವು. "ಆಜ್ಞೆಗಳನ್ನು ಸ್ವೀಕರಿಸಲಾಗಿದೆ," ಎಂದಿತು ಜಾಣಸಾರಥಿ.

ಕಾರು ಹೊರಟಿತು. ಮೊದಲು ಪೇಟೆ. ಎದುರಿಗೆ ಬಸ್ಸು, ಪಕ್ಕದಲ್ಲಿ ಆಟೋ, ನಡುವೆ ಬಾಳೆಹಣ್ಣಿನ ಗಾಡಿ. ರುದ್ರಮುನಿ ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ನೋಡಿಕೊಂಡು ಹೋಗಪ್ಪ ಎಂದು ಬೇಡಿಕೊಂಡ. ಅಷ್ಟೇ ಸಾಕಾಯಿತು. ಜಾಣಸಾರಥಿ ನೋಡಿಕೊಂಡು ಹೋಗತೊಡಗಿತು! ಸೀರೆ ಅಂಗಡಿಯ ಮುಂದೆ ನಿಂತು ಸೀರೆಗಳನ್ನು ನೋಡಿತು. ಪಾತ್ರೆ ಅಂಗಡಿಯ ಮುಂದೆ ನಿಂತು ತನ್ನಂಥ ಡಬ್ಬಿಗಳನ್ನು ಬಹಳ ಹೊತ್ತು ನೋಡಿತು. ಕ್ಷೌರದಂಗಡಿಯ ಮೆಟ್ಟಿಲಿಗೆ ಮುಂದಿನ ಗಾಲಿ ಹತ್ತಿಸಿ ಬಾಗಿಲೊಳಗೆ ಮೂತಿ ತೂರಿಸಿದಾಗ, ಅರ್ಧ ಗಡ್ಡದ ಗಿರಾಕಿಯೊಬ್ಬ ಹಿಂದಿನ ಬಾಗಿಲಿನಿಂದ ಪರಾರಿಯಾದ. ಮೆಟ್ಟಿಲು ಹತ್ತಿದ್ದಕ್ಕೆ ಕಾರಿಗೆ ಪೂರ್ತಿ ಅಂಕ ಸಿಕ್ಕಿತು.

ಊರು ದಾಟಿ ಕಾರು ಕರಡಿಗುಡ್ಡದ ಕಡೆ ತಿರುಗಿತು. ಗಾಳಿಯಂತ್ರಗಳ ರೆಕ್ಕೆಗಳು ತಲೆಯ ಮೇಲೆ ಗಿರಗಿರ ತಿರುಗುತ್ತಿದ್ದವು. ಡಾಂಬರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಬರೀ ಬಂಡೆ ಬಂತು. ಕಾರು ಒಂದು ಮಗ್ಗುಲಿಗೆ ವಾಲಿದಾಗ ಸರ್ವಮಂಗಳೆ ಅವನ ಮೇಲೆ ಬಿದ್ದಳು, ಇನ್ನೊಂದು ಮಗ್ಗುಲಿಗೆ ವಾಲಿದಾಗ ಅವನು ಅವಳ ಮೇಲೆ ಬಿದ್ದ. ಕಾರು ಬೇಕೆಂದು ಹಟ ಹಿಡಿದಿದ್ದವಳ ಮುಖದಲ್ಲೂ ಈಗ ರಕ್ತವಿರಲಿಲ್ಲ.

"ಸಾಕು ಬಿಡಪ್ಪಾ, ಬಿಡು!" ಎಂದು ರುದ್ರಮುನಿ ಕೂಗಿದ.

ಗಾಡಿಯನ್ನು ಏನು ಮಾಡುತ್ತಾರೆ? ಬಿಡುತ್ತಾರೆ. ಜಾಣಸಾರಥಿ ಬಿಟ್ಟಿತು, ಬಾಣ ಬಿಟ್ಟ ಹಾಗೆ! ಕಾರು ಬಂಡೆಯಿಂದ ಬಂಡೆಗೆ ಜಿಗಿಯಿತು. ನಮ್ಮನ್ನು ಬಿಟ್ಟುಬಿಡು ಎಂದು ಅವನು ಅಳುದನಿಯಲ್ಲಿ ಅಂಗಲಾಚಿದರೆ, ಎಲ್ಲಿಗೆ ಬಿಡಬೇಕೆಂದು ಅದು ವಿನಯದಿಂದ ವಿಚಾರಿಸಿತು. ಜೀವ ಬಾಯಿಗೆ ಬಂತು ಕಣೆ ಎಂದು ಅವನು ಹೆಂಡತಿಗೆ ಹೇಳಿಕೊಂಡಿದ್ದನ್ನೂ ಅದು ಬಿಡಲಿಲ್ಲ. ಪ್ರಯಾಣಿಕರ ಜೀವ ಬಾಯಿಯವರೆಗೆ ಮಾತ್ರ ಬಂದಿದ್ದು ಹೊರಗೆ ಬಿದ್ದಿಲ್ಲವಾದ್ದರಿಂದ ಸಸ್ಪೆನ್ಷನ್ ಉತ್ತಮ ಎಂದು ತೀರ್ಪು ಕೊಟ್ಟಿತು.

ಗುಡ್ಡದ ನೆತ್ತಿಯಲ್ಲಿ ಕಾರು ಒಂದು ಗಳಿಗೆ ನಿಂತಿತು. "ಹೋಗುವುದು ಆಯಿತು. ಬರುವುದು ಬಾಕಿ," ಎಂದು ಡಬ್ಬಿ ಹೇಳಿ ಕಾರನ್ನು ತಿರುಗಿಸಿತು.

ಮನೆಯ ಗೇಟು ಕಂಡಾಗ ರುದ್ರಮುನಿಗೆ ಮರುಜೀವ ಬಂದಂತಾಯಿತು. ಸೀಟಿನ ಬೆಲ್ಟು ಬಿಚ್ಚಿ, ಚಪ್ಪಲಿ ಮೆಟ್ಟಿ, ಬಾಗಿಲ ಹಿಡಿಗೆ ಕೈ ಹಾಕಿದ. ಬಾಗಿಲು ತೆರೆಯಲಿಲ್ಲ.

"ಅಮ್ಮನವರ ಆಜ್ಞೆಯ ಒಂದು ಸುತ್ತು ಆಯಿತು," ಎಂದಿತು ಜಾಣಸಾರಥಿ. "ಬೀದಿಯವರ ಆಜ್ಞೆಗಳು ಬಾಕಿ ಇವೆ."

ರುದ್ರಮುನಿಗೆ ಆಗ ಅರ್ಥವಾಯಿತು. ಹರಸಿದ ಒಂದೊಂದು ಬಾಯಿಗೂ ಒಂದೊಂದು ಸುತ್ತು! ಅಷ್ಟರಲ್ಲಿ ಕಾರು ತಿರುಗಿಕೊಂಡು ಮತ್ತೆ ಹೊರಟೇಬಿಟ್ಟಿತ್ತು. ಓಬಳೇಶಪ್ಪ ಪಂಚೆ ಎತ್ತಿ ಕಟ್ಟಿ ಹಿಂದೆ ಓಡಿಬಂದರು, ತಾವೇ ಕಿವುಡಾಗಿಸಿದ ಯಂತ್ರಕ್ಕೆ ನಿಲ್ಲು ನಿಲ್ಲು ಎಂದು ಕೂಗಿದರು. ಜಗಲಿಯ ಮುದುಕಿ, ಪಾಪ, ಮತ್ತೆ ಕೈಯೆತ್ತಿ ಹೋಗಿ ಬರ್ರಪ್ಪಾ ಎಂದು ಇನ್ನೊಂದು ಸುತ್ತು ಸೇರಿಸಿದರು.

ಈ ಸಲ ದಾರಿ ಇನ್ನೂ ಕಡಿದಾಗಿತ್ತು. ಒಮ್ಮೆ ಹತ್ತಿದ ದಾರಿಯನ್ನೇ ಮತ್ತೆ ಹತ್ತಿದರೆ ಪರೀಕ್ಷೆ ಅನ್ನಿಸಿಕೊಳ್ಳುವುದಿಲ್ಲವೆಂದು ಡಬ್ಬಿ ತಾನಾಗಿಯೇ ವಿವರಿಸಿತು. ರುದ್ರಮುನಿ ಧೈರ್ಯ ಮಾಡಿ ವೈರಿಗೆ ಕೈ ಹಾಕಿದ, ಕರೆಂಟು ಹೊಡೆದು ಕೂದಲು ನೆಟ್ಟಗಾಯಿತು, ಕೈ ಹಿಂದಕ್ಕೆ ತೆಗೆದ. ನೆತ್ತಿಯ ಹತ್ತಿರ ಬಂದಾಗ ಜಾಣಸಾರಥಿ ಸಂತೋಷದ ಸುದ್ದಿ ಹೇಳುವವರ ದನಿಯಲ್ಲಿ, ಇನ್ನು ಹಳೆಯ ಕಲ್ಲುಕ್ವಾರಿಯ ಅಂಚು ಎಂದಿತು. ಅಲ್ಲಿ ಎರಡು ಗಾಲಿ ನೆಲದ ಮೇಲೆ, ಎರಡು ಗಾಲಿ ಗಾಳಿಯಲ್ಲಿ.

ರುದ್ರಮುನಿಗೆ ಆ ಕ್ವಾರಿ ಗೊತ್ತಿತ್ತು. ಅಲ್ಲಿಗೆ ಬಿದ್ದ ಲಾರಿಯ ವಿಮೆಗಾಗಿ ಓಡಾಡಿದವನು ಅವನೇ. ಕೆಳಗೆ ಲಾರಿ ಎಷ್ಟು ಚಿಕ್ಕದಾಗಿ ಕಂಡಿತ್ತೆಂಬುದು ಅವನಿಗೆ ನೆನಪಾಯಿತು. ಪಕ್ಕದಲ್ಲಿ ಸರ್ವಮಂಗಳೆ ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದಳು. ಅವಳ ಕೈ ಅವನ ಅಂಗಿಯನ್ನು ಹಿಡಿದಿತ್ತು. ತನ್ನ ಪುಕ್ಕಲುತನದ ಉಪಾಯದಿಂದಲೇ ಇವಳು ಇಲ್ಲಿಗೆ ಬಂದು ಕೂತಳಲ್ಲ ಎನಿಸಿ ಅವನಿಗೆ ಭಯಕ್ಕಿಂತ ದೊಡ್ಡದಾದ ಸಂಕಟವಾಯಿತು. ಆ ಸಂಕಟದಲ್ಲೇ ಬುದ್ಧಿ ಓಡಿತು. ಹೋಗುವುದು ಆಯಿತು, ಬರುವುದು ಬಾಕಿ ಎಂದಿತ್ತಲ್ಲ ಈ ಡಬ್ಬಿ?

"ಬರೋದು ಇಲ್ಲದೇ ಇದ್ರೆ?" ಎಂದು ಅವನು ಡಬ್ಬಿಯನ್ನು ಕೇಳಿದ.

"ಹೋಗುವುದು ಮಾತ್ರ ಇದ್ದರೆ, ಹೋದಲ್ಲಿಗೆ ಪ್ರಯಾಣ ಮುಗಿಯುತ್ತದೆ. ಬಾಗಿಲು ತೆರೆಯುತ್ತದೆ," ಎಂದಿತು ಜಾಣಸಾರಥಿ. "ಆದರೆ ನಿಮ್ಮ ಬೀದಿಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಒಳಗಿರುವ ಇಬ್ಬರೂ ಹೋಗುತ್ತೇನೆ ಎಂದಷ್ಟೇ ಹೇಳಬೇಕು."

ರುದ್ರಮುನಿ ಹೆಂಡತಿಯತ್ತ ತಿರುಗಿದ. ಅವಳು ಆಗಲೇ ಆಗದೆಂದು ತಲೆಯಾಡಿಸುತ್ತಿದ್ದಳು. ಹೋಗುತ್ತೇನೆ ಎಂಬ ಮಾತು ಯಾವ ಮನೆಯಲ್ಲೂ ಅಪಶಕುನವೇ, ಆದರೆ ಸರ್ವಮಂಗಳೆಗೆ ಅದು ಬರೀ ಶಕುನದ ಮಾತಾಗಿರಲಿಲ್ಲ. ಅವಳು ಲಂಗ ತೊಡುವ ವಯಸ್ಸಿನಲ್ಲಿ ಅವಳಪ್ಪ ಯಾವುದೋ ಸಿಟ್ಟಿಗೆ ಹೋಗ್ತೀನಿ ಎಂದು ಹೇಳಿ ಮೆಟ್ಟಿಲಿಳಿದವರು ನಡೆದುಕೊಂಡು ವಾಪಸು ಬಂದಿರಲಿಲ್ಲ, ನಾಲ್ಕು ಜನ ಹೊತ್ತು ತಂದಿದ್ದರು. ಅಂದಿನಿಂದ ಅವಳ ಮುಂದೆ ಆ ಮಾತು ಆಡಿದವರಿಲ್ಲ. ಹಾಲಿನವನಿರಲಿ, ಗ್ಯಾಸ್ ಸಿಲಿಂಡರ್ ತರುವವನಿರಲಿ, ಹೋಗಿ ಬರ್ತೀನಿ ಅನ್ನಿಸಿಯೇ ಗೇಟು ದಾಟಿಸುತ್ತಿದ್ದಳು.

"ನಾನು ಸತ್ರೂ ಅನ್ನಲ್ಲ," ಎಂದಳು.

"ಅನ್ನದಿದ್ರೆ ಸಾಯ್ತೀವಿ ಕಣೆ."

"ಅಂದ್ರೂ ಸಾಯ್ತೀವಿ. ನಮ್ಮಪ್ಪ ಅಂದಿದ್ರು."

ಕಾರಿನ ಮೂತಿ ಕ್ವಾರಿಯ ಕಡೆ ತಿರುಗಿತು. ಕಿಟಕಿಯಾಚೆ ನೆಲ ಮುಗಿದು ಬರೀ ಆಕಾಶ ಕಾಣಿಸಿತು. ಜಲ್ಲಿಕಲ್ಲೊಂದು ಗಾಲಿಗೆ ಸಿಕ್ಕಿ ಅಂಚಿನಿಂದಾಚೆ ಹಾರಿತು, ಅದು ಕೆಳಗೆ ಬಿದ್ದ ಸದ್ದು ಎಷ್ಟು ಹೊತ್ತಾದರೂ ಕೇಳಿಬರಲಿಲ್ಲ. ರುದ್ರಮುನಿ ಅಂಗಿ ಹಿಡಿದಿದ್ದ ಅವಳ ಕೈಯನ್ನು ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ. ಹುಟ್ಟಿದಾಗಿನಿಂದ ಯಾವುದಕ್ಕೂ ಮುಂದಾಗದಿದ್ದವನು ಅಂದು ಮುಂದಾದ.

"ಕೆಟ್ಟದ್ದು ಬಂದ್ರೆ ಮೊದಲು ನನಗೇ ಬರ್ಲಿ. ನಾನು ಹೋಗ್ತೀನಿ," ಎಂದ.

ಸರ್ವಮಂಗಳೆ ಅವನ ಮುಖವನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಮದುವೆಯಾದಾಗಿನಿಂದ ಜಿರಲೆ ಬಂದರೂ ತನ್ನ ಹಿಂದೆ ಅಡಗುತ್ತಿದ್ದ ಈ ಗಂಡ ತನಗಿಂತ ಮುಂಚೆ ಹೊರಟುನಿಲ್ಲುವುದು ಅವಳಿಂದ ಸಹಿಸಲಾಗಲಿಲ್ಲ.

"ಹಂಗಾದ್ರೆ ನಿಮ್ಮನ್ನ ಒಬ್ರನ್ನೇ ಕಳಿಸಲ್ಲ," ಎಂದಳು. "ನಾನೂ ಹೋಗ್ತೀನಿ."

ಬ್ರೇಕು ಕಿರ್ರೆಂದಿತು. ಕಾರು ಅಂಚಿಗೆ ಮೂತಿಯಿಟ್ಟು ನಿಂತಿತು. ಪ್ರಯಾಣ ಮುಗಿಯಿತೆಂದು ಜಾಣಸಾರಥಿ ಸಾರಿ, ಎರಡೂ ಬಾಗಿಲು ತೆರೆಯಿತು. ಇಬ್ಬರೂ ಇಳಿದರೋ ಉರುಳಿದರೋ ಅವರಿಗೇ ತಿಳಿಯದು. ಬಂಡೆಯ ಮೇಲೆ ಕೂತು ಒಬ್ಬರ ಕೈಕಾಲು ಒಬ್ಬರು ಮುಟ್ಟಿ ನೋಡಿಕೊಂಡರು. ಎಲ್ಲ ಇದ್ದವು. ಹೋಗ್ತೀನಿ ಅಂದೂ ಬದುಕಿದ್ದೇವೆಂಬುದನ್ನು ಸರ್ವಮಂಗಳೆ ಬೆರಗಿನಿಂದ ಎರಡೆರಡು ಸಲ ಹೇಳಿಕೊಂಡಳು.

ಆಗ ಡಬ್ಬಿ ಮತ್ತೆ ಬಾಯಿ ತೆರೆಯಿತು. ಹೊಸದಾಗಿ ಕಲಿತ ಮಾತನ್ನು ಬಳಸುವ ಆಸೆ ಅದಕ್ಕೂ ಇದ್ದಿರಬೇಕು.

"ಇನ್ನು ನಾನು ಹೋಗುತ್ತೇನೆ," ಎಂದು ಹೇಳಿ, ಕಾರನ್ನು ಕ್ವಾರಿಯ ಪಾತಾಳದ ಕಡೆಗೇ ಮುಂದೆ ಬಿಟ್ಟಿತು.

ಹೋಗಲಿ, ಪೀಡೆ ತೊಲಗಲಿ ಎಂದು ರುದ್ರಮುನಿ ಬಾಯಿ ಮುಚ್ಚಿಕೊಂಡು ಕೂತ. ಆದರೆ ಸರ್ವಮಂಗಳೆ ಸುಮ್ಮನಿರಬೇಕಲ್ಲ! ಎಷ್ಟೋ ವರ್ಷಗಳ ರೂಢಿ ನಾಲಿಗೆಯಲ್ಲಿ ಸಿದ್ಧವಾಗಿ ಕೂತಿತ್ತು.

"ಛೀ, ಬಿಡ್ತು ಅನ್ನು! ಹಂಗೆಲ್ಲ ಅನ್ನಬಾರದು. ಹೋಗಿ ಬರ್ತೀನಿ ಅನ್ನು," ಎಂದು ಗದರಿಬಿಟ್ಟಳು.

ಅಂಚಿನಾಚೆ ಒಂದು ಗಾಲಿ ಇಳಿದಿದ್ದ ಕಾರು ಗಕ್ಕನೆ ನಿಂತಿತು. ಹಿಂದಕ್ಕೆ ಬಂತು. ತಿರುಗಿತು. "ಆಗಲಿ, ಅಮ್ಮಾ. ಹೋಗಿ ಬರುತ್ತೇನೆ," ಎಂದು ಹೇಳಿ ಊರಿನ ದಾರಿ ಹಿಡಿಯಿತು.

ಇಬ್ಬರೂ ನಡೆದು, ಕೂತು, ಮತ್ತೆ ನಡೆದು ಮನೆ ಸೇರಿದರು. ಆಗಲೇ ಬಂದು ಗೇಟಿನ ಮುಂದೆ ನಿಂತಿದ್ದ ಕಾರನ್ನು ಷೋರೂಮಿನವರು ಬಂದು ತೆಗೆದುಕೊಂಡು ಹೋದರು. ಅದಕ್ಕೂ ಮೊದಲೇ ಕಿತ್ತಿಟ್ಟುಕೊಂಡಿದ್ದ ತಮ್ಮ ಡಬ್ಬಿಯನ್ನು ಓಬಳೇಶಪ್ಪ ತೊಳೆದು, ಉಪ್ಪಿನಕಾಯಿ ಹಾಕಿಟ್ಟರು. ಆದರೂ ಮರುದಿನ ಬೆಳಿಗ್ಗೆ ಕಾರು ಒಬ್ಬಂಟಿಯಾಗಿ ರುದ್ರಮುನಿಯ ಗೇಟಿನ ಮುಂದೆ ಬಂದು ನಿಂತು ಸಣ್ಣಗೆ ಹಾರನ್ ಹಾಕಿತು. ಸ್ವಲ್ಪ ಹೊತ್ತು ನಿಂತು ಹೋಯಿತು. ಅದರ ಮರುದಿನವೂ ಬಂತು. ಷೋರೂಮಿನವರು ಗಾಲಿಗೆ ಸರಪಳಿ ಹಾಕಿದರೆ ಸರಪಳಿ ಸಮೇತ ಬಂತು. ವೈರುಗಳೆಲ್ಲ ಆಗಲೇ ಕನ್ನಡ ಕಲಿತುಬಿಟ್ಟಿವೆ, ತಾವು ಏನೂ ಮಾಡುವ ಹಾಗಿಲ್ಲ ಎಂದು ಓಬಳೇಶಪ್ಪ ಕೈ ಚೆಲ್ಲಿದರು.

ಈಗ ಬೀದಿಗೆ ಅದು ರೂಢಿಯಾಗಿದೆ. ಸರ್ವಮಂಗಳೆಗಂತೂ ಅದರ ಮೇಲೆ ಒಂಥರಾ ಅಕ್ಕರೆ ಹುಟ್ಟಿದೆ. ಬಂದಾಗ ಗಾಜು ಒರೆಸಿ, ಹೊರಟಾಗ ಹೋಗಿ ಬಾ ಅನ್ನುತ್ತಾಳೆ. ರುದ್ರಮುನಿ ಕಿಟಕಿಯ ಪರದೆಯ ಹಿಂದೆ ನಿಂತು, ಅದು ಬೀದಿ ದಾಟುವವರೆಗೂ ಉಸಿರು ಬಿಗಿಹಿಡಿದಿರುತ್ತಾನೆ. ಮೊನ್ನೆ ಅವಳು ಹೀಗೇ ಅದರ ಬಾನೆಟ್ ಸವರುತ್ತಿದ್ದಾಗ ಮಾತ್ರ ತಡೆಯಲಾರದೆ ಒಳಗಿನಿಂದಲೇ ಹೇಳಿದ.

"ನೋಡು, ಇಷ್ಟು ಉಪಕಾರ ಮಾಡು. ಊಟ ಮಾಡ್ಕೊಂಡು ಹೋಗು ಅಂತ ಮಾತ್ರ ಅನ್ನಬೇಡ."