ಏಳನೇ ತಿಂಗಳಲ್ಲಿ ಮಾವನ ಸೀಟಿ

ನಮ್ಮ ಸೋದರಮಾವ ಸೀಟಿ ಊದಿದರೆ ನಾಯಿ ಕೂರುತ್ತಿತ್ತು, ಮನುಷ್ಯರು ಎದ್ದು ಹೋಗುತ್ತಿದ್ದರು. ದೆವ್ವಗಳ ವಿಷಯ ಮಾತ್ರ ನನಗಿನ್ನೂ ಖಾತ್ರಿಯಿಲ್ಲ; ಅವೂ ಕೂರುತ್ತಿದ್ದವು ಎಂದೇ ನನ್ನ ಗುಮಾನಿ. ನಗಬೇಡಿ! ಸಿಂಗಪುರದ ಬಿಶಾನ್‌ನಲ್ಲಿ, ಅವರ ಬ್ಲಾಕಿನ ಕೆಳಗೆ, ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆಮೇಲೆ ನೀವೇ ತೀರ್ಮಾನಿಸಿ.

ಮಾವ ಮೈಸೂರಿನವರು. ಜುರಾಂಗ್ ಈಸ್ಟ್‌ನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಮೊಟ್ಟೆಯನ್ನೂ ಮುಟ್ಟದವರು. ಜಿರಳೆ ಕಂಡರೆ ಇವರು ಕುರ್ಚಿ ಹತ್ತುತ್ತಾರೆ, ಅತ್ತೆ ಪೊರಕೆ ಎತ್ತುತ್ತಾರೆ. ಇಂಥವರಿಗೆ ಬೇಟೆನಾಯಿ ಪಳಗಿಸುವ ಹುಚ್ಚು ಹಿಡಿಯಿತು! ಎಲ್ಲಿ? ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ ಕಟ್ಟಿಸಿಕೊಳ್ಳುವ ಊರಿನಲ್ಲಿ! ಸರ್ಕಾರಿ ಫ್ಲ್ಯಾಟಿನಲ್ಲಿ ದೊಡ್ಡ ನಾಯಿ ಸಾಕುವ ಹಾಗಿಲ್ಲವಾದ್ದರಿಂದ, ಮೊಲದ ಗಾತ್ರದ, ಗುಂಗುರು ಕೂದಲಿನ ಪೂಡಲ್ ಮರಿಯೊಂದನ್ನು ತಂದರು. ಭೈರ ಎಂದು ಹೆಸರಿಟ್ಟರು.

"ಇದು ಬೇಟೆನಾಯಿನಾ?" ಎಂದರು ಅತ್ತೆ.

"ಪೂಡಲ್ ಮೂಲದಲ್ಲಿ ನೀರಿಗೆ ಬಿದ್ದ ಬಾತುಕೋಳಿ ಎತ್ಕೊಂಡು ಬರೋ ನಾಯಿ ಕಣೇ. ರಕ್ತದಲ್ಲೇ ಇದೆ."

"ನಿಮ್ಮ ರಕ್ತದಲ್ಲಿ ಶುಗರ್ ಇದೆ. ಮೊದಲು ಮಾತ್ರೆ ತಗೊಳ್ಳಿ."

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಾವನ ದನಿ ಒಡೆಯತೊಡಗಿತು. ನೆಗಡಿ ಎಂದುಕೊಂಡೆವು. ಗಂಟಲಿನ ಕ್ಯಾನ್ಸರ್ ಎಂದರು ಡಾಕ್ಟರ್. ಗೌರಿ ಹಬ್ಬ ಕಳೆದ ಮೇಲೆ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದೆಂದಾಯಿತು. ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಇರುವುದಿಲ್ಲ. ಅತ್ತೆ ದೇವರ ಮುಂದೆ ಕೂತು ಅತ್ತರು. ನಾನು ಆಗ ಅವರ ಮನೆಯಲ್ಲೇ ಇದ್ದುಕೊಂಡು ತಂಜಾಂಗ್ ಪಗಾರ್‌ನ ಬ್ಯಾಂಕಿಗೆ ಹೋಗಿ ಬರುತ್ತಿದ್ದೆ. ಸಮಾಧಾನ ಹೇಳಲು ಹೋದವಳು ನಾನೂ ಅತ್ತುಬಿಟ್ಟೆ. ಮಾವ ಮಾತ್ರ ಸೋಫಾದಲ್ಲಿ ಕೂತು ಭೈರನನ್ನೇ ನೋಡುತ್ತಿದ್ದರು.

"ಹೇಳ್ಬೇಕಾದ್ದನ್ನ ವಾಟ್ಸಾಪ್ ಮಾಡ್ತೀನಿ ಬಿಡಮ್ಮ," ಎಂದರು ಒಡಕು ದನಿಯಲ್ಲಿ. "ಆದ್ರೆ ಕರೆಯೋದು ಹೇಗೆ? ನಾನು ಕರೆದ್ರೆ ಒಂದು ಜೀವ ಆದ್ರೂ ತಿರುಗಿ ನೋಡ್ಬೇಕಲ್ವಾ? ಭೈರ ವಾಟ್ಸಾಪ್ ಓದ್ತಾನಾ?"

ಮರುದಿನ ಮಾವನ ಕೊರಳಿಗೆ ಸೀಟಿ ಬಂತು. ಬೇಟೆಗಾರರು ಬಯಲಿನಲ್ಲಿ ಬಾಯಿ ಬಿಡುವುದಿಲ್ಲವಂತೆ; ಎಲ್ಲ ಸೀಟಿ ಮತ್ತು ಕೈಸನ್ನೆಯಲ್ಲೇ. ಉದ್ದಕ್ಕೆ ಊದಿದರೆ ಕೂರಬೇಕು. ಚುಟುಕಾಗಿ ಮತ್ತೆ ಮತ್ತೆ ಊದಿದರೆ ಓಡಿ ಬರಬೇಕು. ಅಂಗೈ ಎತ್ತಿದರೆ ಪ್ರಳಯವಾದರೂ ಕದಲಬಾರದು. ಹಳೆಯ ಜೀನ್ಸಿನ ಕಾಲು ಕತ್ತರಿಸಿ, ಮರಳು ತುಂಬಿ, ಹೊಲಿದು ಅದಕ್ಕೆ ‘ಹಕ್ಕಿ’ ಎಂದರು. ಹಕ್ಕಿಯನ್ನು ಎಸೆದ ಕೂಡಲೇ ನಾಯಿ ಹಾರಬಾರದು. ಹೋಗು ಎಂದು ಸನ್ನೆ ಮಾಡಿದಾಗ ಹೋಗಿ, ಕಚ್ಚಿಕೊಂಡು ಬಂದು, ಎದುರಿಗೆ ಕೂತು, ‘ಬಿಡು’ ಎಂದಾಗ ಕೈಗೇ ಕೊಡಬೇಕು. ಹಲ್ಲಿನ ಗುರುತೂ ಬೀಳಬಾರದು. ಇದಕ್ಕೆ ಮೊಟ್ಟೆಯಿಂದ ಪರೀಕ್ಷೆ ಮಾಡುತ್ತಾರಂತೆ. ಮಾವ ಇಡ್ಲಿಯಿಂದ ಮಾಡಿದರು. ಭೈರ ಅಡುಗೆಮನೆಯಿಂದ ಬಾಲ್ಕನಿಯವರೆಗೆ ಇಡ್ಲಿಯೊಂದನ್ನು ನಲುಗದಂತೆ ತಂದುಕೊಟ್ಟ. ಮಾವ ಅದನ್ನು ಹೆಮ್ಮೆಯಿಂದ ತಟ್ಟೆಗೆ ಹಾಕಿ ಅತ್ತೆಯ ಮುಂದಿಟ್ಟು, "ನೋಡು, ಒಂದು ಗೀರೂ ಇಲ್ಲ, ತಿನ್ನು!" ಎಂದರು. ಆ ದಿನ ಅತ್ತೆ ಉಪವಾಸ ಮಾಡಿದರು.

ದಿನ ಕಳೆದಂತೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಾವನ ದನಿ ಪಿಸುಮಾತಿಗೆ ಇಳಿಯಿತು. ಅವರ ಎದುರು ಜೋರಾಗಿ ಮಾತಾಡಲು ನಮಗೆ ನಾಚಿಕೆಯಾಗಿ ನಾವೂ ಪಿಸುಗುಟ್ಟತೊಡಗಿದೆವು, ಆಮೇಲೆ ಕೈಸನ್ನೆಗೆ ಬಂದೆವು. ಆಫೀಸಿನಿಂದ ಬಂದು ಬಾಗಿಲು ತೆರೆದರೆ ಮೂರು ಜೀವಗಳು ಸದ್ದಿಲ್ಲದೆ ನನ್ನ ಕಡೆ ತಿರುಗುತ್ತಿದ್ದವು. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಭೈರ ಎಷ್ಟೋ ಸಲ ಗೋಡೆಯನ್ನೇ ನೋಡುತ್ತ, ಯಾರೋ ಅಂಗೈ ಎತ್ತಿ ನಿಲ್ಲಿಸಿದ ಹಾಗೆ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಬ್ಯಾಂಕಿನ ಮುಂದೆ ಸೆಕ್ಯುರಿಟಿಯವನು ಟ್ಯಾಕ್ಸಿ ನಿಲ್ಲಿಸಲು ಉದ್ದಕ್ಕೆ ಸೀಟಿ ಊದಿದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ! ಪಕ್ಕದಲ್ಲಿದ್ದ ಮ್ಯಾನೇಜರ್ ನೀರು ಬೇಕೇ ಎಂದು ಕೇಳಿದ.

ಹೀಗಿರುವಾಗ ಏಳನೇ ತಿಂಗಳು ಬಂತು. ಚೀನೀಯರ ಪಂಚಾಂಗದಲ್ಲಿ ಅದು ಹಸಿದ ಪ್ರೇತಗಳು ಮೇಲೆ ಬಂದು ಓಡಾಡುವ ತಿಂಗಳು. ಬಿಶಾನ್ ಎದ್ದಿರುವುದೇ ಹಳೆಯ ಸ್ಮಶಾನದ ಮೇಲೆ. ಬೇರೆ ಕಡೆಯವರಿಗೆ ನೆಂಟರು ಬಂದರೆ, ಇಲ್ಲಿಯವರಿಗೆ ಮನೆಯವರೇ ಎದ್ದು ಬಂದ ಹಾಗೆ! ಬ್ಲಾಕಿನ ಕೆಳಗಿನ ಖಾಲಿ ಅಂಗಳಕ್ಕೆ ಇಲ್ಲಿ ವಾಯ್ಡ್ ಡೆಕ್ ಎನ್ನುತ್ತಾರೆ. ಅದರ ಅಂಚಿನಲ್ಲಿ ಕಿತ್ತಳೆಹಣ್ಣು, ಊದುಬತ್ತಿ. ಗಾಳಿಯಲ್ಲಿ ಪ್ರೇತಗಳಿಗೆಂದು ಸುಟ್ಟ ಕಾಗದದ ಬೂದಿ. ಮಾವನ ತರಬೇತಿಯೂ ಅಲ್ಲೇ, ಮುಸ್ಸಂಜೆಯಲ್ಲೇ.

ಎರಡನೇ ಮಹಡಿಯ ಚೀನೀ ಆಂಟಿ ಓಡಿ ಬಂದರು. "ಅಂಕಲ್, ಸೆವೆಂತ್ ಮಂತ್ ಲಾ! ವಿಸಲ್ ಕ್ಯಾನಾಟ್!" ಈ ತಿಂಗಳು ಕತ್ತಲಾಗುವಾಗ ಸೀಟಿ ಊದಿದರೆ ಪ್ರೇತಗಳು ತಮ್ಮನ್ನೇ ಕರೆದರೆಂದು ಹಿಂದೆಯೇ ಬರುತ್ತವಂತೆ. ನೀನು ಕರೆಯುವುದು ನಾಯಿಯನ್ನು, ಬರುವವರು ಯಾರೋ ಎಂದು ಕೈ ಮುಗಿದರು.

ಮಾವ ಪಿಸುದನಿಯಲ್ಲಿ, "ಬರ್ಲಿ ಬಿಡಿ. ಅವರಿಗೂ ಸಿಟ್, ಸ್ಟೇ ಕಲಿಸ್ತೀನಿ," ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಮರುಸಂಜೆ ಮಾವ ಹಕ್ಕಿಯನ್ನು ದೂರದ ಕಂಬದ ಆಚೆಗೆ ಎಸೆದರು. ಸನ್ನೆ ಮಾಡಿದ ಮೇಲೆ ಭೈರ ಹೋದ. ಅವನ ಕೊರಳಿನ ಉದ್ದ ಹಗ್ಗ ನೆಲದ ಮೇಲೆ ಸರಸರನೆ ಹರಿಯಿತು. ಆಮೇಲೆ ಹಗ್ಗ ನಿಂತಿತು. ಎಷ್ಟು ಹೊತ್ತಾದರೂ ನಾಯಿ ಬರಲಿಲ್ಲ. ಕೊನೆಗೂ ಬಂದ, ಬಾಯಲ್ಲಿ ಹಕ್ಕಿಯಿತ್ತು. ಆದರೆ ಮಾವನ ಹತ್ತಿರ ಬರಲಿಲ್ಲ. ಪಕ್ಕದ ಕಲ್ಲುಮೇಜಿನ ಬಳಿಯ ಖಾಲಿ ಸ್ಟೂಲಿನ ಎದುರು ನೆಟ್ಟಗೆ ಕೂತ. ತಲೆ ಎತ್ತಿದ. ಬಾಲ ಮೆಲ್ಲಗೆ ಆಡಿತು. ‘ಬಿಡು’ ಎಂದು ಯಾರೂ ಹೇಳಲಿಲ್ಲ. ಅವನು ಬಾಯಿ ಬಿಟ್ಟ. ಹಕ್ಕಿ ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ. ನೋಡಿದರೆ ಸ್ಟೂಲಿನ ಮೇಲಿತ್ತು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾವನ ಮುಖದಲ್ಲಿ ಭಯವಿತ್ತೇ? ಹೊಟ್ಟೆಕಿಚ್ಚಿತ್ತು! "ಇಷ್ಟು ಚೆನ್ನಾಗಿ ನನಗೆ ಒಂದು ದಿನಾನೂ ಕೊಟ್ಟಿಲ್ಲ, ಕಳ್ಳ!" ಎಂದು ಸ್ಟೂಲಿನ ಕಡೆ ತಿರುಗಿ, "ಥ್ಯಾಂಕ್ಸ್. ಆದ್ರೆ ನಾಯಿ ನಂದು," ಎಂದು ಹಕ್ಕಿಯನ್ನು ಎತ್ತಿಕೊಂಡರು.

"ಮಾವ, ಬಿಡು ಅಂದಿದ್ದು ಯಾರು?" ಎಂದು ಕೇಳಿದೆ.

ಅವರು ಹಕ್ಕಿಗೆ ಮೆತ್ತಿದ ಬೂದಿ ಕೊಡವಿದರು. "ಯಾರಾದ್ರೂ ಆಗ್ಲಿ. ದನಿ ಇಲ್ದೋರು ಹೇಳಿದ್ದೂ ಇವನಿಗೆ ಕೇಳ್ಸುತ್ತೆ ಅಂತಾಯ್ತಲ್ಲ," ಎಂದರು. ಆ ತಿಂಗಳೆಲ್ಲ ಅವರು ಅಷ್ಟು ಗೆಲುವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಲಿಫ್ಟಿನಲ್ಲಿ ನಾನು ಅವರ ತೋಳು ಹಿಡಿದುಕೊಂಡೇ ನಿಂತಿದ್ದೆ.

ಗೌರಿ ಬಂದಳು, ಹೋದಳು. ಆಪರೇಷನ್ ಆಯಿತು. ಅದಕ್ಕೆ ಮುಂಚೆ ಡಾಕ್ಟರ್ ಚಿತ್ರ ಬರೆದು ವಿವರಿಸಿದ್ದರು: ಕುತ್ತಿಗೆಯಲ್ಲಿ ಒಂದು ತೂತು ಇರುತ್ತದೆ, ಉಸಿರೆಲ್ಲ ಇನ್ನು ಅಲ್ಲಿಂದಲೇ, ಮೂಗು ಬಾಯಿಗಳಿಂದಲ್ಲ. ನಾವೆಲ್ಲ ಅರ್ಥವಾದವರಂತೆ ತಲೆಯಾಡಿಸಿದ್ದೆವು. ಮನೆ ತುಂಬ ಓದಿದವರು! ಒಬ್ಬರಿಗಾದರೂ ಆ ಮಾತಿನ ಅರ್ಥ ಹೊಳೆಯಬಾರದೇ?

ದೀಪಾವಳಿಯ ಹೊತ್ತಿಗೆ ಮಾವ ಮೊದಲ ಸಲ ಕೆಳಗಿಳಿದರು, ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು. ಭೈರನನ್ನು ದೂರದ ಕಂಬದ ಬಳಿ ಕೂರಿಸಿ ಅಂಗೈ ಎತ್ತಿ, ಹಿಂದೆ ಹಿಂದೆ ನಡೆದು ಬಂದರು. ಅತ್ತೆ ಆ ಕಡೆ, ನಮಗೆ ಬೆನ್ನು ಹಾಕಿ, ಲೆಟರ್ ಬಾಕ್ಸ್ ತೆಗೆಯುತ್ತಿದ್ದರು. ಮಾವ ಸೀಟಿ ಬಾಯಿಗಿಟ್ಟರು. ಕೆನ್ನೆ ಉಬ್ಬಿತು. ಸದ್ದಿಲ್ಲ. ಮತ್ತೆ ಊದಿದರು. ಸೀಟಿಯೊಳಗಿನ ಗುಂಡು ಕೂಡ ಅಲುಗಲಿಲ್ಲ. ಬಾಯಿಗೆ ಉಸಿರೇ ಬರುವುದಿಲ್ಲವೆಂದ ಮೇಲೆ ಸೀಟಿ ಹೇಗೆ ಕೂಗೀತು?

ಮಾವ ಸೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ದಿಕ್ಕೆಟ್ಟ ಮುಖವನ್ನು ಕ್ಯಾನ್ಸರ್ ಎಂದು ಗೊತ್ತಾದ ದಿನವೂ ನಾನು ನೋಡಿರಲಿಲ್ಲ. ತಡೆಯಲಾರದೆ ಅದನ್ನು ಇಸಿದುಕೊಂಡು ನಾನೇ ಊದಿದೆ. ಭೈರ ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ಅವನ ನೋಟವೆಲ್ಲ ಮಾವನ ಮೇಲೆ. ವಾಯ್ಡ್ ಡೆಕ್ ತುಂಬ ಆ ಹಳೆಯ ಮೌನ ಬಂದು ಕೂತಿತು.

ಮಾವನಿಗೆ ಸಿಟ್ಟು ಬಂತೋ, ದುಃಖ ಬಂತೋ. ಎದೆಯಲ್ಲಿದ್ದ ಉಸಿರನ್ನೆಲ್ಲ ಒಮ್ಮೆಲೇ ಹೊರಗೆ ತಳ್ಳಿದರು. ಕುತ್ತಿಗೆಯ ಬಟ್ಟೆ ಹಾರಿತು. ಹುಸ್! ಭೈರನ ಕಿವಿ ನಿಮಿರಿತು. ಮಾವ ಅದನ್ನು ಕಂಡರು. ಚುಟುಕಾಗಿ, ಮತ್ತೆ ಮತ್ತೆ ಉಸಿರು ಬಿಟ್ಟರು: ಹುಸ್, ಹುಸ್, ಹುಸ್. ಗುಂಗುರು ಕೂದಲಿನ ಬೇಟೆನಾಯಿ ಹಗ್ಗ ಎಳೆದುಕೊಂಡು ಹಾರಿ ಬಂದು ಅವರ ಕಾಲಬಳಿ ಕೂತಿತು. ಮಾವ ನೆಲಕ್ಕೆ ಕುಸಿದು ಅದನ್ನು ತಬ್ಬಿಕೊಂಡರು.

ಆಗ ಲೆಟರ್ ಬಾಕ್ಸಿನ ಕಡೆಯಿಂದ, ತಿರುಗಿಯೂ ನೋಡದೆ, ಅತ್ತೆ ಅಂದರು: "ಬಂದೇರೀ, ಒಂದ್ನಿಮಿಷ! ಅದೇನು ಹಾಗೆ ಅವಸರದಲ್ಲಿ ಕರೀತೀರ?"