ಎಣಿಕೆಗೆ ಬಾರದ ಪಾಠ

ಬೇಸಿಗೆ ಆಗ ತಾನೇ ಕಾವು ಹಿಡಿದಿತ್ತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಿಗೆ ಅರ್ಧ ಎಂಜಿನಿಯರ್ ಹೊಸ ಕಾಲೇಜಿನಿಂದ ಮನೆಗೆ ಬಂದ. ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

ನೀರು ಸರಬರಾಜು ಕಚೇರಿಯಲ್ಲಿ ಅವನದು ಹಂಗಾಮಿ ಕೆಲಸ. ಈ ವರ್ಷ ಕಂಪ್ಯೂಟರ್ ಪದವಿ ಸಿಕ್ಕರೆ ಕಾಯಂ, ಇಲ್ಲವಾದರೆ ಮನೆ. ಓದುತ್ತಿದ್ದ ಕಾಲೇಜು ನಡುದಾರಿಯಲ್ಲಿ ಬಾಗಿಲು ಹಾಕಿತ್ತು. ಅದಕ್ಕೇ ಓಣಿಯವರು ಅವನಿಗೆ ಅರ್ಧ ಎಂಜಿನಿಯರ್ ಎಂದು ಹೆಸರಿಟ್ಟಿದ್ದರು. ಅಲ್ಲಿ ಪಾಸಾದ ಪಾಠಗಳನ್ನೆಲ್ಲ ಹೊಸ ಕಾಲೇಜು ಒಪ್ಪಿತು, ಪ್ರೋಗ್ರಾಮಿಂಗ್ ಒಂದನ್ನು ಬಿಟ್ಟು. ಅಲ್ಲಿಯದೂ ಇಲ್ಲಿಯದೂ ಒಂದೇ ಪಾಠವೆಂದು, ಅಲ್ಲಿ ಅದನ್ನು ಕಲಿಸಿದ ಮೇಷ್ಟರೇ ಬಂದು ಹೇಳಬೇಕಂತೆ. ಇಲ್ಲವೇ ಮೊದಲಿನಿಂದ ಓದು.

ಪಕ್ಕದ ಮನೆಯ ಬ್ರೇಕು ಮಾವ, ಬಸ್ಸು ಓಡಿಸಿ ನಿವೃತ್ತನಾದವನು, ಯಾರೂ ಕರೆಯದೆ ಚಪ್ಪಲಿ ಮೆಟ್ಟಿದ. ಇಂಥದ್ದಕ್ಕೆಲ್ಲ ಹಿರಿಯರೊಬ್ಬರು ಜೊತೆಗಿರಬೇಕು ಎಂದ.

ಮೇಷ್ಟರ ವಿಳಾಸವಾದರೂ ಸಿಕ್ಕೀತೆಂದು ಮಧ್ಯಾಹ್ನ ಹಳೆಯ ಕಾಲೇಜಿಗೆ ಹೋದರು. ಗೇಟಿಗೆ ಬಳ್ಳಿ ಹಬ್ಬಿತ್ತು. ಮಹಡಿಯ ಮೇಲೆ ಸೀಮೆಸುಣ್ಣ ಕಿರುಗುಟ್ಟುತ್ತಿತ್ತು. ಕಂಪ್ಯೂಟರುಗಳನ್ನು ಎತ್ತಿಕೊಂಡು ಹೋದ ಕೋಣೆಯಲ್ಲಿ, ಖಾಲಿ ಬೆಂಚುಗಳ ಮುಂದೆ ಮೇಷ್ಟರು ಪಾಠ ಮಾಡುತ್ತಿದ್ದರು.

"ತಡವಾಗಿ ಬಂದೆ. ಕೂತ್ಕೋ," ಎಂದರು, ತಿರುಗದೆ.

ಇಬ್ಬರೂ ಕೂತರು. ಅಂಥ ಬಿಸಿಲಿನಲ್ಲೂ ಬೆಂಚು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಎಲ್ಲಿ ನಿಲ್ಲಬೇಕೆಂದು ಹೇಳದಿದ್ದರೆ ಯಂತ್ರ ಮಾಡಿದ್ದನ್ನೇ ಮಾಡುತ್ತಿರುತ್ತದೆ ಎಂದು ಮೇಷ್ಟರು ವಿವರಿಸಿದರು. ಮತ್ತೆ ಅದನ್ನೇ ವಿವರಿಸಿದರು. ಮತ್ತೂ.

ಮಾವ ಅವನ ಕಿವಿಗೆ ಬಾಗಿದ. "ಲೋ, ಸುಣ್ಣ ಸವೀತಿದೆ ಕಣೋ. ಹಲಗೆ ಮೇಲೆ ಒಂದಕ್ಷರಾನೂ ಬೀಳ್ತಿಲ್ಲ."

ಅರ್ಧ ಎಂಜಿನಿಯರ್ ಎದ್ದು ನಿಂತು, ಬಂದ ಕೆಲಸ ಹೇಳಿದ. ಎರಡೂ ಒಂದೇ ಪಾಠವೆಂದು ತಾವೇ ಬಂದು ಹೇಳುವುದಾಗಿ ಮೇಷ್ಟರು ಒಪ್ಪಿದರು. "ನೀವು ನಡೀರಿ. ನಾನು ಮೊದಲೇ ಅಲ್ಲಿರ್ತೀನಿ."

ಹೊಸ ಕಾಲೇಜಿನ ಮುಖ್ಯಸ್ಥರು ಚಹಾ ಕುಡಿಯುತ್ತಿದ್ದರು. "ನಿಮ್ಮ ಮೇಷ್ಟರು ಈಗಷ್ಟೇ ಬಂದು ಹೇಳಿದ್ರು. ಹೊರಗೆ ಕೂತಿದಾರೆ. ಹೋದ ಚಳಿಗಾಲದಲ್ಲಿ ತೀರಿಕೊಂಡ್ರಲ್ಲ, ಪಾಪ."

ಮಾವನ ಕೈ, ಅಲ್ಲಿಲ್ಲದ ಸ್ಟಿಯರಿಂಗಿಗಾಗಿ ತಡಕಾಡಿತು. ಅರ್ಧ ಎಂಜಿನಿಯರಿಗೆ ಮಾತ್ರ ಕೆಲಸದ್ದೇ ಚಿಂತೆ. "ಅವರ ಮಾತು ನಡೆಯುತ್ತಾ ಸಾರ್?"

ಸತ್ತವರಾಗಿದ್ದರೆ ತೊಂದರೆಯಿಲ್ಲ, ನಿಯಮದಲ್ಲಿ ಅದರ ಮಾತೇ ಇಲ್ಲ; ಆದರೆ ಹೇಳುವವರು ನಡೆಯುತ್ತಿರುವ ಕಾಲೇಜಿನ ಮೇಷ್ಟರಾಗಿರಬೇಕು, ಮುಚ್ಚಿದ ಕಾಲೇಜಿನವರ ಮಾತು ಎಣಿಕೆಗೆ ಬಾರದು ಎಂದರು ಮುಖ್ಯಸ್ಥರು.

ಆಗ ಮಾವನಿಗೆ ಬುದ್ಧಿ ಓಡಿತು. "ಅಷ್ಟೇ ತಾನೆ? ಅವರನ್ನ ನಿಮ್ಮಲ್ಲೇ ಸೇರಿಸ್ಕೊಳ್ಳಿ."

ಮುಖ್ಯಸ್ಥರ ಮುಖ ಅರಳಿತು. ಪ್ರೋಗ್ರಾಮಿಂಗ್ ಕಲಿಸಲು ಅಲ್ಲಿ ಜನವಿರಲಿಲ್ಲ; ಇವರಿಗೋ ಸಂಬಳ ಬೇಡ, ರಜೆ ಬೇಡ. ಕೂತಲ್ಲೇ ಸೇರಿಸಿಕೊಂಡರು. ಹಳೆಯ ಸೇವೆಯಷ್ಟೂ ಎಣಿಕೆಗೆ ಬಂತು, ತೀರಿಕೊಂಡ ಮೇಲಿನದೂ ಸೇರಿ.

"ಹಾಗಾದ್ರೆ ನನ್ನ ಪಾಠ?" ಎಂದ ಅರ್ಧ ಎಂಜಿನಿಯರ್.

"ಈಗ ಅವರು ನಮ್ಮೋರಲ್ಲವೇನಪ್ಪ. ನಮ್ಮೋರು ಬೇರೆ ಕಾಲೇಜಿನ ಪಾಠಕ್ಕೆ ಸಾಕ್ಷಿ ಹೇಳೋ ಹಾಗಿಲ್ಲ. ಅವರ ಹತ್ರಾನೇ ಮೊದಲಿಂದ ಓದು."

ಸೋಮವಾರ ಮೇಷ್ಟರು ಹಾಜರಿ ಕರೆದರು. ಯಾರೂ ಕೂರದ ಬೆಂಚುಗಳಿಂದಲೂ ಉತ್ತರ ಬಂತು. ಹುಡುಗರೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಟುಹೋದರು. ಬ್ರೇಕು ಮಾವ ಅಂದೇ ಮಗಳ ಊರಿನ ಬಸ್ಸು ಹತ್ತಿದ. ಅರ್ಧ ಎಂಜಿನಿಯರ್ ಬೆಂಚು ಬಿಟ್ಟು ಹೋಗಲಿಲ್ಲ. ಅವನಿಗೆ ಪದವಿ ಬೇಕಿತ್ತು.